ಮಣಿಕಟ್ಟಿನ ಲೆಕ್ಕವೂ ತಟ್ಟೆಯ ಲೆಕ್ಕವೂ

ಚಿಕ್ಕಬಳ್ಳಾಪುರದ ಕಂದವಾರ ಕೆರೆಯ ಏರಿಯ ಮೇಲಾಗಲಿ, ಚಿಂತಾಮಣಿಯ ಮೈದಾನಗಳಲ್ಲಾಗಲಿ ಬೆಳಗಿನ ಹೊತ್ತು ನಡೆದಾಡುವ ಮಹನೀಯರ ಮಣಿಕಟ್ಟನ್ನು ಗಮನಿಸಿದವರಿಗೆ ಒಂದು ಮಾರ್ಪಾಟು ಕಾಣದಿರದು. ಹಿಂದಿನ ಕೈಗಡಿಯಾರವು ಹೊತ್ತನ್ನು ಮಾತ್ರ ಹೇಳುತ್ತಿದ್ದಿತು. ಈಗಿನದು ಧರಿಸಿದವನ ಹೆಜ್ಜೆಗಳನ್ನು ಎಣಿಸುವುದು, ನಾಡಿಯನ್ನು ನೋಡುವುದು, ನಿದ್ರೆಯ ಅಳತೆಯನ್ನು ಬರೆದಿಡುವುದು. ಅಂದಿನ ದಿನ ಆತನ ದೇಹವು ಎಷ್ಟು ಕ್ಯಾಲೊರಿಗಳನ್ನು ವ್ಯಯ ಮಾಡಿತೆಂಬುದನ್ನೂ ನಿಸ್ಸಂಕೋಚವಾಗಿ ಸಾರುವುದು. ಮನೆಗೆ ಬಂದು ತಿಂಡಿಗೆ ಕುಳಿತೊಡನೆ ಜೇಬಿನ ಮೊಬೈಲಿನಲ್ಲಿರುವ ಇನ್ನೊಂದು ಆ್ಯಪ್ ತಟ್ಟೆಯಲ್ಲಿರುವುದೇನೆಂದು ಕೇಳಿ ಅದರ ಕ್ಯಾಲೊರಿಗಳನ್ನು ಜಮಾ ಮಾಡಿಕೊಳ್ಳುವುದು. ಹೀಗೆ ಮಣಿಕಟ್ಟು ಖರ್ಚನ್ನೂ ಮೊಬೈಲು ಜಮೆಯನ್ನೂ ಬರೆಯುತ್ತ, ಮನುಷ್ಯನ ದೇಹಕ್ಕೆ ಒಂದು ಖಿರ್ದಿ ಪುಸ್ತಕವು ಸಿದ್ಧವಾಗಿರುವುದು.

ಇದು ಬೆಂಗಳೂರಿನ ಸಿರಿವಂತರ ಷೋಕಿಯೆಂದು ತಳ್ಳಿಹಾಕುವ ಕಾಲ ಕಳೆಯಿತು. ಗೌರಿಬಿದನೂರಿನಿಂದ ರೈಲಿನಲ್ಲಿ ಪ್ರತಿದಿನ ರಾಜಧಾನಿಗೆ ಹೋಗಿಬರುವ ನೌಕರನೂ, ಶಿಡ್ಲಘಟ್ಟದ ರೇಷ್ಮೆ ವರ್ತಕನೂ, ತಾಲ್ಲೂಕು ಕಚೇರಿಯ ಗುಮಾಸ್ತನೂ ಇಂತಹ ಗಡಿಯಾರವನ್ನು ಒಂದೆರಡು ಸಾವಿರ ರೂಪಾಯಿಗಳಿಗೆ ಕೊಳ್ಳಬಹುದಾಗಿದೆ. ಜನರು ತಮ್ಮ ಊಟವನ್ನೂ ನಡಿಗೆಯನ್ನೂ ಯಂತ್ರದ ಮಾತಿನಂತೆ ತಿದ್ದಿಕೊಳ್ಳತೊಡಗಿರುವಾಗ, ಆ ಯಂತ್ರದ ಮಾತು ಎಷ್ಟರಮಟ್ಟಿಗೆ ನಂಬತಕ್ಕದ್ದು, ಅದು ಬರೆದಿಟ್ಟ ಲೆಕ್ಕವು ಯಾರ ಸ್ವತ್ತು ಎಂಬ ಎರಡು ಪ್ರಶ್ನೆಗಳನ್ನು ವಿಚಾರಿಸುವುದು ಸಾರ್ವಜನಿಕ ಕರ್ತವ್ಯವೆಂದು ನಾವು ಭಾವಿಸುತ್ತೇವೆ.

ಮೊದಲು, ಈ ಯಂತ್ರಗಳಿಗೆ ಇಷ್ಟು ಆದರ ದೊರೆತ ಕಾರಣವನ್ನು ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಸುಮಾರು ೧೦ ಕೋಟಿ ಜನರು ಮಧುಮೇಹದಿಂದ ನರಳುತ್ತಿರುವರು. ಇನ್ನೂ ಸುಮಾರು ೧೩ ಕೋಟಿ ೬೦ ಲಕ್ಷ ಜನರು ಅದರ ಹೊಸ್ತಿಲಲ್ಲಿ ನಿಂತಿರುವರು. ದೇಶದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ, ಅವರಲ್ಲಿಯೂ ಹೆಚ್ಚಾಗಿ ಹೆಂಗಸರಿಗೆ, ದೇಹಕ್ಕೆ ಬೇಕಾದಷ್ಟು ಶ್ರಮವಿಲ್ಲವೆಂದು ೨೦೨೪ರಲ್ಲಿ ಹೊರಬಿದ್ದ ಇನ್ನೊಂದು ಪರಿಶೀಲನೆಯು ತಿಳಿಸಿತು. ೨೦೨೫ರ ಆರಂಭದಲ್ಲಿ ಪ್ರಧಾನಮಂತ್ರಿಗಳೇ ಬೊಜ್ಜಿನ ವಿಷಯವನ್ನೆತ್ತಿ, ಅಡಿಗೆಯ ಎಣ್ಣೆಯನ್ನು ನೂರಕ್ಕೆ ಹತ್ತರಷ್ಟು ಕಡಿಮೆ ಮಾಡಬೇಕೆಂದು ಪ್ರಜೆಗಳನ್ನು ಕೇಳಿಕೊಂಡರು.

ನಮ್ಮ ಸೀಮೆಯಲ್ಲಿ ಈ ಕೇಡಿನ ಮೂಲವನ್ನು ಹುಡುಕಲು ಬಹಳ ದೂರ ಹೋಗಬೇಕಾದುದಿಲ್ಲ. ಬೈಠಕ್ಕಿನ ಕೆಲಸದ ಗಂಡಸಿಗೆ ದಿನಕ್ಕೆ ೨೧೧೦ ಕ್ಯಾಲೊರಿಗಳೂ, ಕಠಿಣವಾಗಿ ದುಡಿಯುವವನಿಗೆ ೩೪೭೦ ಕ್ಯಾಲೊರಿಗಳೂ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ೨೦೨೦ರಲ್ಲಿ ನಿಗದಿಪಡಿಸಿತು. ಎರಡಕ್ಕೂ ಇರುವ ಅಂತರ ೧೩೬೦. ಬಾವಿಯ ನೀರೆತ್ತಿ ಹೊಲ ಉತ್ತ ತಾತನ ಊಟದ ಅಳತೆಯನ್ನು ಮೊಮ್ಮಗನು ಕಚೇರಿಯ ಕುರ್ಚಿಗೂ ತಂದುಕೊಂಡನು. ಮೇಲೆ ಬೇಕರಿಯ ತಿನಿಸನ್ನೂ ಸಕ್ಕರೆಯ ಪಾನಕವನ್ನೂ ಕೂಡಿಸಿದನು. ಹೀಗಿರುವಲ್ಲಿ, ತಿಂದುದೆಷ್ಟು, ದುಡಿದುದೆಷ್ಟು ಎಂದು ಕೇಳಿಕೊಳ್ಳುವ ಬುದ್ಧಿ ಹುಟ್ಟಿದುದು ಶುಭಸೂಚನೆಯೇ ಸರಿ. ನಮ್ಮ ಆಕ್ಷೇಪಣೆಯು ಲೆಕ್ಕವಿಡುವುದರ ಮೇಲಲ್ಲ. ಅಂದಾಜನ್ನು ನಿಶ್ಚಯವೆಂದು ತಿಳಿಯುವುದರ ಮೇಲೆ.

ಈ ಗಡಿಯಾರವು ನಿಜವಾಗಿ ಅಳೆಯುವುದೇನು? ಅದರೊಳಗೆ ಅಲುಗಾಟವನ್ನು ಗುರುತಿಸುವ ಒಂದು ಸಣ್ಣ ಸಾಧನವಿರುವುದು. ಚರ್ಮದ ಕೆಳಗೆ ರಕ್ತದ ಏರಿಳಿತವನ್ನು ನೋಡಲು ಹಸಿರು ಬೆಳಕನ್ನು ಬೀರುವ ಮತ್ತೊಂದು ಸಾಧನವಿರುವುದು. ಕೈಯ ಬೀಸು, ರಕ್ತದ ಮಿಡಿತ ಇವೆರಡೇ ಅದರ ಸಾಕ್ಷಿಗಳು. ಧರಿಸಿದವನ ವಯಸ್ಸು, ಎತ್ತರ, ತೂಕಗಳನ್ನು ಇವುಗಳೊಡನೆ ಸೇರಿಸಿ, ತಯಾರಕರು ಗೋಪ್ಯವಾಗಿಟ್ಟುಕೊಂಡ ಒಂದು ಸೂತ್ರದಿಂದ ಕ್ಯಾಲೊರಿಯನ್ನು ಊಹಿಸುವರು. ಹೆಜ್ಜೆಯು ಎಣಿಕೆ, ಕ್ಯಾಲೊರಿಯು ಊಹೆ. ಎರಡನ್ನೂ ಒಂದೇ ಗಾಜಿನ ಮೇಲೆ ಒಂದೇ ಬಗೆಯ ಅಂಕಿಗಳಲ್ಲಿ ತೋರಿಸುವುದರಿಂದ ಓದುವವನಿಗೆ ಈ ಭೇದವು ತಿಳಿಯದೆ ಹೋಗುವುದು.

೨೦೧೭ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ವಾಂಸರು ಇಂತಹ ಏಳು ಸಾಧನಗಳನ್ನು ೬೦ ಜನರ ಕೈಗೆ ಕಟ್ಟಿ ಪರೀಕ್ಷಿಸಿದರು. ನಾಡಿಯ ಲೆಕ್ಕದಲ್ಲಿ ಏಳರ ಪೈಕಿ ಆರು ನೂರಕ್ಕೆ ಐದಕ್ಕಿಂತ ಹೆಚ್ಚು ತಪ್ಪಲಿಲ್ಲ. ಇದು ಮೆಚ್ಚತಕ್ಕ ಸಂಗತಿ. ಆದರೆ ಕ್ಯಾಲೊರಿಯ ಲೆಕ್ಕದಲ್ಲಿ ಎಲ್ಲಕ್ಕಿಂತ ಉತ್ತಮವಾದುದು ಸರಾಸರಿ ನೂರಕ್ಕೆ ೨೭ರಷ್ಟೂ, ಕನಿಷ್ಠವಾದುದು ನೂರಕ್ಕೆ ೯೩ರಷ್ಟೂ ತಪ್ಪಿದುವು. ಆಮೇಲೆ ಸಾಧನಗಳು ಸುಧಾರಿಸಿರಬಹುದು. ಆದರೆ ಕೈಯ ಅಲುಗಾಟದಿಂದ ಮೈಯೆಲ್ಲದರ ಶ್ರಮವನ್ನು ಊಹಿಸುವ ಮೂಲದ ತೊಡಕು ಹಾಗೆಯೇ ಉಳಿದಿರುವುದು. ನೂರು ರೂಪಾಯಿಯ ಖರ್ಚಿನಲ್ಲಿ ಇಪ್ಪತ್ತೇಳು ರೂಪಾಯಿಗಳಿಗೆ ಆಧಾರ ಒದಗಿಸಲಾರದ ಖಜಾಂಚಿಯನ್ನು ಯಾವ ಅಧಿಕಾರಿಯು ಕೆಲಸದಲ್ಲಿ ಇಟ್ಟುಕೊಂಡಾನು?

ಊಹೆಯು ತಪ್ಪುವ ಬಗೆಯನ್ನು ನಮ್ಮ ನಾಲ್ಕು ಊರುಗಳಲ್ಲಿಯೇ ಕಾಣಬಹುದು. ಶಿಡ್ಲಘಟ್ಟದಲ್ಲಿ ಬಿಸಿನೀರಿನ ಬಾಣಲೆಯ ಮುಂದೆ ನಿಂತು ಗೂಡಿನ ಎಳೆ ಹುಡುಕಿ ಕೂಡಿಸುವ ಹೆಣ್ಣುಮಗಳು ಒಂದು ಹೆಜ್ಜೆಯನ್ನೂ ಇಡದೆ ದಣಿಯುವಳು. ಹೆಜ್ಜೆಯ ಲೆಕ್ಕದಲ್ಲಿ ಅವಳು ಸೋಮಾರಿ. ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ತಲೆಯ ಮೇಲಿಟ್ಟು ಕೈಯಿಂದ ಹಿಡಿದು ನಡೆವ ಕೂಲಿಯವನ ಕೈ ಬೀಸುವುದಿಲ್ಲವಾದುದರಿಂದ ಅವನ ಹೆಜ್ಜೆಗಳಲ್ಲಿ ಎಷ್ಟೋ ಎಣಿಕೆಗೆ ಸಿಕ್ಕುವುದಿಲ್ಲ. ಹೊರೆಯ ಭಾರವಂತೂ ಗಡಿಯಾರಕ್ಕೆ ತಿಳಿಯುವುದೇ ಇಲ್ಲ. ಸುಲ್ತಾನಪೇಟೆಯ ಕಡೆಯಿಂದ ನಂದಿಬೆಟ್ಟವನ್ನು ಹತ್ತುವವನ ಒಂದು ಮೆಟ್ಟಿಲೂ, ಪೇಟೆಬೀದಿಯಲ್ಲಿ ಅಂಗಡಿ ನೋಡುತ್ತ ಸಾಗುವವನ ಒಂದು ಹೆಜ್ಜೆಯೂ ಹೆಜ್ಜೆಯ ಎಣಿಕೆಯಲ್ಲಿ ಸಮಾನ. ಗುಂಡಿಬಿದ್ದ ರಸ್ತೆಯಲ್ಲಿ ಬಸ್ಸಿನೊಳಗೆ ಕುಳಿತು ಕುಲುಕಾಡುವವನ ಖಾತೆಗೆ ನಡೆಯದ ಹೆಜ್ಜೆಗಳು ಜಮೆಯಾಗುವುದೂ ಉಂಟು.

ಇದೇ ಗೌರಿಬಿದನೂರಿನಲ್ಲಿ ೧೯೬೫ರಲ್ಲಿ ಸ್ಥಾಪಿತವಾದ, ಇಂದು ಭಾಭಾ ಅಣುಶಕ್ತಿ ಸಂಶೋಧನ ಕೇಂದ್ರಕ್ಕೆ ಸೇರಿದ ಭೂಕಂಪ ಮಾಪನ ನಿಲಯವನ್ನು ಬಲ್ಲವರಿಗೆ ಈ ವಿಷಯವು ಸುಲಭವಾಗಿ ತಿಳಿದೀತು. ಸಾವಿರಾರು ಮೈಲಿಗಳಾಚೆ ನೆಲದೊಳಗೆ ನಡೆದ ಅಣುಸ್ಫೋಟದ ನಡುಕವನ್ನು ಗುರುತಿಸುವ ಆ ನಿಲಯದವರು ಒಂದೇ ಮಾಪಕವನ್ನು ನಂಬಿ ಕುಳಿತವರಲ್ಲ. ಬಯಲಿನ ಉದ್ದಗಲಕ್ಕೆ ಹಲವು ಮಾಪಕಗಳನ್ನಿಟ್ಟು, ಒಂದರ ಬರಹವನ್ನು ಇನ್ನೊಂದರ ಬರಹದೊಡನೆ ಹೋಲಿಸಿ, ಹತ್ತಿರದ ಸದ್ದನ್ನು ಕಳೆದು, ದೂರದ ಸುದ್ದಿಯನ್ನು ತೆಗೆಯುವರು. ಉಪಕರಣವು ಎಷ್ಟು ಸೂಕ್ಷ್ಮವಾಗಿದ್ದರೂ ಅದರ ಮಾತನ್ನು ಬೇರೆ ಸಾಕ್ಷ್ಯದಿಂದ ಪರೀಕ್ಷಿಸದೆ ಒಪ್ಪಕೂಡದೆಂಬುದು ವಿಜ್ಞಾನದ ಮೊದಲ ಪಾಠ. ಮಣಿಕಟ್ಟಿನ ಯಂತ್ರದ ಮುಂದೆ ಮಾತ್ರ ಈ ಪಾಠವನ್ನು ನಾವು ಮರೆಯಬೇಕೆ?

ಹತ್ತು ಸಾವಿರ ಹೆಜ್ಜೆಗಳೆಂಬ ನಿಯಮದ ಹುಟ್ಟನ್ನೂ ಇಲ್ಲಿ ಹೇಳಬೇಕು. ಅದು ಯಾವ ವೈದ್ಯಶಾಸ್ತ್ರದ ಸಿದ್ಧಾಂತದಿಂದಲೂ ಬಂದುದಲ್ಲ. ೧೯೬೫ರಲ್ಲಿ ಜಪಾನಿನ ಒಂದು ಕಂಪನಿಯು ಹೆಜ್ಜೆ ಎಣಿಸುವ ಉಪಕರಣವೊಂದನ್ನು ಮಾರಾಟಕ್ಕೆ ತಂದು, ಅದಕ್ಕೆ ಹತ್ತು ಸಾವಿರ ಹೆಜ್ಜೆಯ ಮಾಪಕವೆಂಬ ಅರ್ಥದ ಹೆಸರನ್ನಿಟ್ಟಿತು. ವ್ಯಾಪಾರದ ಹೆಸರು ಲೋಕದ ನಿಯಮವಾಗಿ ಕುಳಿತಿತು. ೨೦೧೯ರಲ್ಲಿ ಅಮೆರಿಕದ ಸುಮಾರು ೧೭ ಸಾವಿರ ವೃದ್ಧ ಸ್ತ್ರೀಯರ ವಿಷಯದಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ, ದಿನಕ್ಕೆ ೨೭೦೦ ಹೆಜ್ಜೆ ನಡೆಯುವವರಿಗಿಂತ ೪೪೦೦ ಹೆಜ್ಜೆ ನಡೆಯುವವರಲ್ಲಿ ಮರಣದ ಪ್ರಮಾಣವು ಬಹಳ ಕಡಿಮೆಯೆಂದೂ, ೭೫೦೦ರ ಆಚೆಗೆ ಹೆಚ್ಚಿನ ಪ್ರಯೋಜನವು ಕಂಡುಬರಲಿಲ್ಲವೆಂದೂ ತಿಳಿಯಿತು. ಹತ್ತು ಸಾವಿರ ಆಗಲಿಲ್ಲವೆಂದು ಹೆದರಿ ಇರುಳು ಹನ್ನೊಂದು ಗಂಟೆಗೆ ಕೋಣೆಯೊಳಗೆ ಸುತ್ತುವ ವೃದ್ಧರು ಈ ಮಾತನ್ನು ಕೇಳಿ ಸಮಾಧಾನವಾಗಿ ಮಲಗಬಹುದು.

ಇನ್ನು ಜಮೆಯ ಕಡೆಯನ್ನು ನೋಡೋಣ. ಆಹಾರದ ಕ್ಯಾಲೊರಿಯನ್ನು ಎಣಿಸುವ ಕ್ರಮವು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಆಟ್‌ವಾಟರ್ ಎಂಬ ವಿದ್ವಾಂಸರಿಂದ ರೂಢಿಗೆ ಬಂದಿತು: ಸಸಾರಜನಕಕ್ಕೂ ಪಿಷ್ಟಕ್ಕೂ ಗ್ರಾಮಿಗೆ ನಾಲ್ಕು, ಕೊಬ್ಬಿಗೆ ಒಂಬತ್ತು. ನಮ್ಮ ದೇಶದ ಧಾನ್ಯ, ಬೇಳೆ, ಸೊಪ್ಪುಗಳ ವಿಷಯದಲ್ಲಿ ಕೂನೂರಿನ ಸಂಶೋಧನಾಲಯದಿಂದ ಆಯ್ಕ್ರಾಯ್ಡ್‌ರವರು ೧೯೩೭ರಲ್ಲಿ ಒಂದು ಪಟ್ಟಿಯನ್ನು ಪ್ರಕಟಿಸಿದರು. ಆ ಸಂಸ್ಥೆಯೇ ೧೯೫೮ರಲ್ಲಿ ಹೈದರಾಬಾದಿಗೆ ಹೋಗಿ, ಮುಂದೆ ರಾಷ್ಟ್ರೀಯ ಪೋಷಣ ಸಂಸ್ಥೆಯೆನಿಸಿಕೊಂಡು, ೨೦೧೭ರಲ್ಲಿ ಹೊಸ ಕೋಷ್ಟಕಗಳನ್ನು ಹೊರಡಿಸಿತು. ಆದಕಾರಣ ನಮ್ಮ ಆಹಾರಕ್ಕೆ ಅಂಕಿಗಳೇ ಇಲ್ಲವೆಂಬ ದೂರಿಗೆ ಆಸ್ಪದವಿಲ್ಲ. ಆ ಸಂಸ್ಥೆಯು ತನ್ನದೇ ಆದ 'ನ್ಯೂಟ್ರಿಫೈ ಇಂಡಿಯಾ ನೌ' ಎಂಬ ಆ್ಯಪ್ ಒಂದನ್ನು ಹೊರತಂದಿರುವುದು. ೨೦೧೨ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹೆಲ್ತಿಫೈಮಿ ಮುಂತಾದ ಖಾಸಗಿ ಆ್ಯಪ್‌ಗಳಲ್ಲಿಯೂ ಇಡ್ಲಿ, ದೋಸೆ, ಮುದ್ದೆಗಳು ಸಿಕ್ಕುವುವು.

ತೊಡಕಿರುವುದು ಅಂಕಿಯಲ್ಲಲ್ಲ, ಅಳತೆಯಲ್ಲಿ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು ೩೨೦ ಕ್ಯಾಲೊರಿಗಳಿರುವುವು. ಆದರೆ 'ಒಂದು ಮುದ್ದೆ' ಎಂದರೆ ಎಷ್ಟು ಹಿಟ್ಟು? ಗುಮಾಸ್ತರ ಮನೆಯ ಮುದ್ದೆಯು ನೂರು ಗ್ರಾಂ ಹಿಟ್ಟಿನದಾದರೆ, ಹೊಲದಿಂದ ಬಂದವನಿಗೆ ಕಟ್ಟುವ ಮುದ್ದೆಯು ನೂರೈವತ್ತರದಾಗಿರಬಹುದು. ಮೊದಲನೆಯದಕ್ಕೆ ೩೨೦, ಎರಡನೆಯದಕ್ಕೆ ೪೮೦. ಸಂಕ್ರಾಂತಿಯ ಹೊತ್ತಿನ ಹಿಸುಕಿದ ಅವರೆಬೇಳೆಯ ಸಾರು ಒಂದು ಮನೆಯಲ್ಲಿ ನೀರಾಗಿಯೂ ಇನ್ನೊಂದು ಮನೆಯಲ್ಲಿ ಕೊಬ್ಬರಿ ರುಬ್ಬಿ ಗಟ್ಟಿಯಾಗಿಯೂ ಇರುವುದು. ಒಗ್ಗರಣೆಗೆ ಬಿದ್ದ ಒಂದು ಚಮಚ ಎಣ್ಣೆಯೆಂದರೆ ಐದು ಗ್ರಾಂ, ಅಂದರೆ ೪೫ ಕ್ಯಾಲೊರಿ; ಬಸ್ ನಿಲ್ದಾಣದ ಹೋಟೆಲಿನ ದೋಸೆಗೆ ಎಷ್ಟು ಚಮಚ ಬಿದ್ದಿತೆಂಬುದನ್ನು ಆ ದೋಸೆ ಹುಯ್ದವನೂ ಹೇಳಲಾರನು. ಹೋಟೆಲುಗಳು ತಿಂಡಿಯ ಪಟ್ಟಿಯಲ್ಲಿ ಕ್ಯಾಲೊರಿಯನ್ನು ಬರೆಯಬೇಕೆಂದು ೨೦೨೦ರ ಆಹಾರ ಸುರಕ್ಷತಾ ನಿಯಮಗಳು ವಿಧಿಸಿದುದು, ಹತ್ತು ಅಥವಾ ಹೆಚ್ಚು ಕಡೆಗಳಲ್ಲಿ ಅಂಗಡಿಗಳುಳ್ಳ ದೊಡ್ಡ ಸಂಸ್ಥೆಗಳಿಗೆ ಮಾತ್ರ. ನಮ್ಮ ಊರಿನ ಮೆಸ್ಸಿಗೂ ದರ್ಶಿನಿಗೂ ಅದು ಅನ್ವಯಿಸದು.

ಅಳತೆಯ ತಪ್ಪಿಗಿಂತ ದೊಡ್ಡದು ಮನಸ್ಸಿನ ತಪ್ಪು. ಎಷ್ಟು ಪ್ರಯತ್ನಪಟ್ಟರೂ ತೂಕವಿಳಿಯದೆಂದು ಹೇಳುತ್ತಿದ್ದ ಕೆಲವರನ್ನು ಅಮೆರಿಕದ ವೈದ್ಯರು ನಿಖರವಾಗಿ ಪರೀಕ್ಷಿಸಿ ೧೯೯೨ರಲ್ಲಿ ವರದಿಯನ್ನು ಪ್ರಕಟಿಸಿದರು. ಆ ಜನರು ತಾವು ತಿಂದುದನ್ನು ನಿಜಕ್ಕಿಂತ ನೂರಕ್ಕೆ ೪೭ರಷ್ಟು ಕಡಿಮೆಯಾಗಿಯೂ, ತಮ್ಮ ಶ್ರಮವನ್ನು ನೂರಕ್ಕೆ ೫೧ರಷ್ಟು ಹೆಚ್ಚಾಗಿಯೂ ಹೇಳಿಕೊಂಡಿದ್ದರು. ಅವರು ಸುಳ್ಳರೆಂದು ಯಾರೂ ಭಾವಿಸಬೇಕಾದುದಿಲ್ಲ. ನಿಂತಲ್ಲೇ ಬಾಯಿಗೆ ಹಾಕಿಕೊಂಡ ಹಿಡಿ ಕಡಲೆಕಾಯಿಯೂ, ಮಗುವಿನ ತಟ್ಟೆಯಲ್ಲಿ ಉಳಿದ ತುತ್ತೂ, ಕಚೇರಿಯಲ್ಲಿ ಬಂದವರೊಡನೆ ಕುಡಿದ ಮೂರನೆಯ ಕಾಫಿಯೂ ನಮ್ಮಲ್ಲಿ ಯಾರ ನೆನಪಿನಲ್ಲಿಯೂ ಉಳಿಯುವುದಿಲ್ಲ.

ಈಗ ಜಮೆಯನ್ನೂ ಖರ್ಚನ್ನೂ ಪಕ್ಕಪಕ್ಕದಲ್ಲಿಟ್ಟು ನೋಡೋಣ. ೬೫ ಕಿಲೋ ತೂಕದ ಗೃಹಸ್ಥನೊಬ್ಬನು ಒಂದು ಗಂಟೆಯ ಕಾಲ ಸಾಧಾರಣ ವೇಗದಿಂದ ನಡೆದರೆ ಸುಮಾರು ೨೨೫ ಕ್ಯಾಲೊರಿಗಳು ವ್ಯಯವಾಗುವುವು. ಆದರೆ ಅವನು ಆ ಗಂಟೆಯೆಲ್ಲ ಸುಮ್ಮನೆ ಕುಳಿತಿದ್ದರೂ ಉಸಿರಾಟಕ್ಕೂ ಮೈಯ ಶಾಖಕ್ಕೂ ಸುಮಾರು ೬೫ ವ್ಯಯವಾಗುತ್ತಲೇ ಇದ್ದುವು. ಆದ್ದರಿಂದ ನಡಿಗೆಯ ನಿವ್ವಳ ಫಲ ೧೬೦. ಗಡಿಯಾರವು ಈ ೬೫ನ್ನು ಕಳೆಯದೆ, ಮೇಲೆ ನೂರಕ್ಕೆ ೨೭ರಷ್ಟು ಹೆಚ್ಚಿನ ಕಡೆಗೆ ತಪ್ಪಿದರೆ, ಗಾಜಿನ ಮೇಲೆ ಸುಮಾರು ೨೮೫ ಎಂದು ಕಾಣುವುದು. ಮೊಬೈಲು ಅದನ್ನು ಎತ್ತಿಕೊಂಡು, 'ಈ ದಿನ ನೀವು ಇನ್ನೂ ೨೮೫ ಕ್ಯಾಲೊರಿಗಳನ್ನು ತಿನ್ನಬಹುದು' ಎಂದು ಉದಾರವಾಗಿ ಅಪ್ಪಣೆ ಕೊಡುವುದು. ಆ ಅಪ್ಪಣೆಯಂತೆ ನಡೆದವನು, ನಡೆದು ಗಳಿಸಿದುದೆಲ್ಲವನ್ನೂ ತಿಂದು, ಮೇಲೆ ೧೨೫ನ್ನು ಸಾಲವಾಗಿ ತಿಂದಂತಾಯಿತು. ಇತ್ತ ಒಂದು ಮುದ್ದೆಯ ಗಾತ್ರವನ್ನು ತಪ್ಪಾಗಿ ಬರೆದುದರಿಂದಲೇ ೧೬೦ರ ವ್ಯತ್ಯಾಸವು ಬಂದುದನ್ನು ಮೇಲೆ ನೋಡಿದೆವು. ಒಂದು ಗಂಟೆಯ ನಡಿಗೆಯ ಗಳಿಕೆಯೆಲ್ಲವೂ ಒಂದು ಮುದ್ದೆಯ ಅಂದಾಜಿನೊಳಗೆ ಮುಳುಗಿಹೋಗುವುದು. ಎರಡು ಅಂದಾಜುಗಳನ್ನು ಕಳೆದು ಬಂದ ಶೇಷವನ್ನು ನಿಶ್ಚಿತವಾದ ಬಾಕಿಯೆಂದು ಹೇಳುವ ಲೆಕ್ಕಪತ್ರವನ್ನು ಯಾವ ತನಿಖಾಧಿಕಾರಿಯೂ ಅಂಗೀಕರಿಸಲಾರನು.

ಇದು ಕೇವಲ ತರ್ಕವಲ್ಲ. ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದವರು ೪೭೧ ಜನ ತರುಣ ತರುಣಿಯರನ್ನು ಎರಡು ವರ್ಷಗಳ ಕಾಲ ಪರಿಶೀಲಿಸಿ ೨೦೧೬ರಲ್ಲಿ ಫಲವನ್ನು ಪ್ರಕಟಿಸಿದರು. ಎಲ್ಲರಿಗೂ ಮಿತಾಹಾರವನ್ನೂ ವ್ಯಾಯಾಮವನ್ನೂ ವಿಧಿಸಲಾಗಿದ್ದಿತು. ಆರು ತಿಂಗಳ ತರುವಾಯ ಒಂದು ಗುಂಪಿಗೆ ಮಾತ್ರ ಚಟುವಟಿಕೆಯನ್ನು ಅಳೆಯುವ ಸಾಧನವನ್ನು ಕೊಡಲಾಯಿತು. ಇನ್ನೊಂದು ಗುಂಪಿನವರು ತಮ್ಮ ಊಟ ವ್ಯಾಯಾಮಗಳನ್ನು ತಾವೇ ಬರೆದಿಡುತ್ತಿದ್ದರು. ಎರಡು ವರ್ಷ ಕಳೆದ ಮೇಲೆ ಸಾಧನವನ್ನು ಧರಿಸಿದವರು ಸರಾಸರಿ ಮೂರೂವರೆ ಕಿಲೋ ಇಳಿದಿದ್ದರು, ಧರಿಸದವರು ಐದು ಕಿಲೋ ೯೦೦ ಗ್ರಾಂ ಇಳಿದಿದ್ದರು.

ಹಾಗೆಂದು ಈ ಯಂತ್ರಗಳು ನಿಷ್ಪ್ರಯೋಜಕವೆಂದು ಸಾರುವುದು ಅನ್ಯಾಯ. ಇಂತಹ ಅನೇಕ ಪರಿಶೀಲನೆಗಳನ್ನು ಒಟ್ಟುಗೂಡಿಸಿ ೨೦೨೨ರಲ್ಲಿ ಪ್ರಕಟವಾದ ವಿಮರ್ಶೆಯು, ಸಾಧನವನ್ನು ಧರಿಸಿದವರು ದಿನಕ್ಕೆ ಸುಮಾರು ೧೮೦೦ ಹೆಜ್ಜೆಗಳನ್ನು ಹೆಚ್ಚಾಗಿ ನಡೆಯುವರೆಂದೂ ತೂಕವು ಸುಮಾರು ಒಂದು ಕಿಲೋ ಇಳಿಯುವುದೆಂದೂ ತಿಳಿಸಿದೆ. ಎರಡು ಮಾತುಗಳಲ್ಲಿ ವಿರೋಧವೇನೂ ಇಲ್ಲ. ಎದ್ದು ನಡೆ ಎಂದು ನೆನಪಿಸುವ ಕೆಲಸದಲ್ಲಿ ಗಡಿಯಾರವು ನಿಪುಣ. ಎಷ್ಟು ತಿನ್ನಬಹುದೆಂದು ತೀರ್ಪು ಹೇಳುವ ಕೆಲಸದಲ್ಲಿ ಅಸಮರ್ಥ. ಹೆಜ್ಜೆಯ ಪುಸ್ತಕವನ್ನು ಹೆಜ್ಜೆಗೂ, ಊಟದ ಪುಸ್ತಕವನ್ನು ಊಟಕ್ಕೂ ಬಳಸಿಕೊಂಡು, ಒಂದರ ಉಳಿತಾಯವನ್ನು ಇನ್ನೊಂದಕ್ಕೆ ವರ್ಗಾಯಿಸದಿರುವವನಿಗೆ ಎರಡೂ ಉಪಕಾರಿಗಳು. ಬಹುತೇಕ ಆ್ಯಪ್‌ಗಳಲ್ಲಿ ಈ ವರ್ಗಾವಣೆಯನ್ನು ನಿಲ್ಲಿಸುವ ಅನುಕೂಲವಿರುವುದು. ಮೊದಲು ಮಾಡತಕ್ಕ ಕೆಲಸ ಅದೇ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ಬಲ್ಲವರಿಗೆ ಉಳಿದ ಮಾತನ್ನು ಅವರ ಭಾಷೆಯಲ್ಲಿಯೇ ಹೇಳಬಹುದು. ಅಲ್ಲಿ ಗೂಡಿನ ತೂಕವನ್ನು ಮಾತ್ರ ನೋಡಿ ಬೆಲೆ ಕೂಗುವವನು ಉಳಿಯುವುದಿಲ್ಲ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕಾಯಿತೆಂಬ ರೆಂಡಿಟ್ಟವೇ ಅವನ ಲಾಭನಷ್ಟವನ್ನು ಹೇಳುವುದು. ಅದಾದರೋ ಗೂಡಿನ ತಳಿಗೂ ಋತುವಿಗೂ ಬಿಚ್ಚುವವರ ಕೈಗೂ ತಕ್ಕಂತೆ ಬದಲಾಗುವುದು. ದೇಹವೂ ಹಾಗೆಯೇ. ಅಕ್ಕಿಗೂ ರಾಗಿಗೂ ಕ್ಯಾಲೊರಿಯಲ್ಲಿ ಬಹಳ ಅಂತರವಿಲ್ಲ. ಆದರೆ ನೂರು ಗ್ರಾಂ ರಾಗಿಯಲ್ಲಿ ಸುಣ್ಣದ ಸತ್ತ್ವವು ೩೬೪ ಮಿಲಿಗ್ರಾಂ ಇದ್ದರೆ ಪಾಲಿಷ್ ಮಾಡಿದ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಸಹ ಇಲ್ಲ. ನಾರಿನ ಅಂಶವು ರಾಗಿಯಲ್ಲಿ ಅಕ್ಕಿಯ ಸುಮಾರು ನಾಲ್ಕರಷ್ಟು. ಕ್ಯಾಲೊರಿಯೊಂದನ್ನೇ ನೋಡುವ ಕಣ್ಣಿಗೆ ಈ ಭೇದವು ಬೀಳದು. ಆದ್ದರಿಂದ ಫಲವನ್ನು ನೋಡಬೇಕು: ವಾರಕ್ಕೊಮ್ಮೆ ತೂಕ, ತಿಂಗಳಿಗೊಮ್ಮೆ ಸೊಂಟದ ಸುತ್ತಳತೆ, ವೈದ್ಯರು ಹೇಳಿದ ಅವಧಿಗೆ ರಕ್ತದೊತ್ತಡ ಮತ್ತು ರಕ್ತದ ಸಕ್ಕರೆ. ಎರಡು ವಾರಗಳ ಕಾಲ ಹಿಟ್ಟನ್ನೂ ಎಣ್ಣೆಯನ್ನೂ ಅಳೆದು ಬರೆದಿಟ್ಟರೆ ಮನೆಯ ಅಡಿಗೆಯ ಸ್ವರೂಪವು ಸಾಕಷ್ಟು ತಿಳಿದುಹೋಗುವುದು. ಜೀವಮಾನವೆಲ್ಲ ತುತ್ತು ಎಣಿಸುತ್ತ ಕುಳಿತಿರಬೇಕಾಗಿಲ್ಲ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರೂ ಗರ್ಭಿಣಿಯರೂ ಯಂತ್ರದ ಮಾತನ್ನು ಕೇಳಿ ಊಟವನ್ನು ಕಡಿತಗೊಳಿಸದೆ ವೈದ್ಯರ ಸಲಹೆಯಂತೆ ನಡೆಯತಕ್ಕದ್ದು. ಬೆಳೆಯುವ ಮಕ್ಕಳ ಕೈಗೆ ಕ್ಯಾಲೊರಿಯ ಲೆಕ್ಕವನ್ನು ಕೊಡಲೇಬಾರದು.

ಎರಡನೆಯ ಪ್ರಶ್ನೆಯು ಇದಕ್ಕಿಂತ ಗುರುತರವಾದುದು. ಈ ಖಿರ್ದಿಯು ಯಾರ ಸ್ವತ್ತು? ಶಾನುಭೋಗನು ಬರೆದ ಲೆಕ್ಕವು ಚಾವಡಿಯಲ್ಲಿರುತ್ತಿದ್ದಿತು, ಹೋಗಿ ನೋಡಬಹುದಾಗಿತ್ತು. ನಮ್ಮ ನಾಡಿಯ, ನಿದ್ರೆಯ, ಊಟದ ಲೆಕ್ಕವಾದರೋ ದೂರದ ಕಂಪನಿಗಳ ಯಂತ್ರಾಗಾರಗಳಲ್ಲಿ ಕುಳಿತಿರುವುದು. ಅವರು ಕೈಬದಲಾದಾಗ ಅದೂ ಕೈಬದಲಾಗುವುದು. ಹೆಜ್ಜೆ ಎಣಿಸುವ ಸಾಧನಗಳಿಗೆ ಹೆಸರಾದ ಫಿಟ್‌ಬಿಟ್ ಕಂಪನಿಯನ್ನು ಗೂಗಲ್ ೨೦೨೧ರಲ್ಲಿ ತನ್ನ ವಶಕ್ಕೆ ತೆಗೆದುಕೊಂಡಿತು. ಊಟದ ಲೆಕ್ಕವಿಡುವ ಮೈ ಫಿಟ್‌ನೆಸ್ ಪಾಲ್ ಎಂಬ ಆ್ಯಪ್‌ನಿಂದ ೨೦೧೮ರಲ್ಲಿ ಸುಮಾರು ೧೫ ಕೋಟಿ ಖಾತೆಗಳ ಹೆಸರು ಮತ್ತು ಅಂಚೆಯ ವಿವರಗಳು ಕಳ್ಳರ ಪಾಲಾದುವು. ಅದೇ ವರ್ಷ, ಓಟಗಾರರ ದಾರಿಗಳನ್ನು ಭೂಪಟದ ಮೇಲೆ ತೋರಿಸುವ ಸ್ಟ್ರಾವಾ ಎಂಬ ಸಂಸ್ಥೆಯ ನಕ್ಷೆಯಿಂದ ಸೈನಿಕರ ಗುಪ್ತ ಠಾಣ್ಯಗಳೂ ಬಯಲಿಗೆ ಬಂದುವು. ಹೆಜ್ಜೆಯ ಲೆಕ್ಕದಲ್ಲಿ ಅಡಗಿಸತಕ್ಕದ್ದೇನಿದೆಯೆಂದು ಕೇಳುವವರಿಗೆ ಇದು ಸಾಕಷ್ಟು ಉತ್ತರ.

ತಾನಾಗಿ ಕಟ್ಟಿಕೊಂಡ ಗಡಿಯಾರ ಬೇರೆ, ಧಣಿಯು ಕಟ್ಟಿದ ಗಡಿಯಾರ ಬೇರೆ. ನಾಗಪುರ, ಚಂಡೀಗಢ ಮುಂತಾದ ನಗರಗಳಲ್ಲಿ ಪೌರಕಾರ್ಮಿಕರ ಕೈಗೆ ಅವರಿರುವ ಜಾಗವನ್ನು ತಿಳಿಸುವ ಗಡಿಯಾರಗಳನ್ನು ಕಟ್ಟಿಸಿ ಅವರ ಚಲನವಲನಗಳನ್ನು ನೋಡುತ್ತಿದ್ದುದು ಪ್ರಸಿದ್ಧವಾಗಿದೆ. ಆ ಕಾರ್ಮಿಕರು ಅದನ್ನು ವಿರೋಧಿಸಿದುದೂ ಪ್ರಸಿದ್ಧವಾಗಿದೆ. ಕೆಲವು ವಿಮಾ ಕಂಪನಿಗಳು ಹೆಜ್ಜೆಗಳನ್ನು ನೋಡಿ ಕಂತಿನಲ್ಲಿ ರಿಯಾಯಿತಿಯನ್ನು ಕೊಡುತ್ತಿರುವುವು. ಇಂದು ನಡೆದವನಿಗೆ ರಿಯಾಯಿತಿಯಾದರೆ, ನಾಳೆ ನಡೆಯಲಾರದವನಿಗೆ ದಂಡವಾಗದೆಂದು ಹೇಳುವವರು ಯಾರು?

ಖಾಸಗಿತನವು ಮೂಲಭೂತ ಹಕ್ಕೆಂದು ೨೦೧೭ರ ಆಗಸ್ಟ್ ೨೪ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಏಕಮತದಿಂದ ತೀರ್ಪಿತ್ತರು. ಆ ಮೊಕದ್ದಮೆಯ ವಾದಿಯು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. ಅದರ ಬೆನ್ನಿಗೆ ೨೦೨೩ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯು ಹುಟ್ಟಿತು. ೨೦೨೫ರ ನವೆಂಬರಿನಲ್ಲಿ ನಿಯಮಾವಳಿಯು ಪ್ರಕಟವಾಯಿತು. ಮುಖ್ಯ ಹೊಣೆಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಅವಕಾಶವನ್ನು ಕೊಡಲಾಯಿತು. ಕಾಯಿದೆಯು ಬಂದುದು ಸಂತೋಷವೇ. ಆದರೆ ಅದರಲ್ಲಿ ಎರಡು ಕೊರತೆಗಳಿರುವುವು. ಆರೋಗ್ಯದ ವಿವರಗಳಿಗೆ ಅದು ಬೇರೆಯಾದ ಹೆಚ್ಚಿನ ರಕ್ಷಣೆಯನ್ನು ಕೊಟ್ಟಿಲ್ಲ; ಮನುಷ್ಯನ ನಾಡಿಯೂ ಅವನ ಅಂಗಡಿ ಚೀಟಿಯೂ ಅದಕ್ಕೆ ಒಂದೇ. ಮತ್ತು ಉದ್ಯೋಗದ ಉದ್ದೇಶಕ್ಕಾಗಿ, ಅಥವಾ ಧಣಿಯ ನಷ್ಟವನ್ನು ತಪ್ಪಿಸುವುದಕ್ಕಾಗಿ, ನೌಕರನ ಒಪ್ಪಿಗೆಯಿಲ್ಲದೆಯೇ ಅವನ ವಿವರಗಳನ್ನು ಬಳಸಲು ಅದು ಅವಕಾಶವಿತ್ತಿರುವುದು. ಗೌರಿಬಿದನೂರಿನ ಕೈಗಾರಿಕಾ ಪ್ರದೇಶದ ಕೆಲಸಗಾರನಿಗಾಗಲಿ, ನಗರಸಭೆಯ ಪೌರಕಾರ್ಮಿಕನಿಗಾಗಲಿ ನಾಳೆ ಇಂತಹ ಗಡಿಯಾರವನ್ನು ಕೊಟ್ಟರೆ, ಬೇಡವೆನ್ನುವ ಬಲವು ಅವನಿಗೆ ಎಲ್ಲಿಂದ ಬಂದೀತು? ನಾಡಿ, ನಿದ್ರೆ, ಊಟಗಳ ಲೆಕ್ಕವನ್ನು ಸೇವಾ ಪುಸ್ತಕದಿಂದಲೂ ಸಂಬಳದಿಂದಲೂ ದೂರವಿಡತಕ್ಕದ್ದೆಂದು ಸರ್ಕಾರವು ಸ್ಪಷ್ಟವಾಗಿ ವಿಧಿಸಬೇಕೆಂಬುದು ನಮ್ಮ ಮೊದಲ ಒತ್ತಾಯ.

ಎರಡನೆಯದು ನಗರಸಭೆಗಳಿಗೆ ಸಂಬಂಧಿಸಿದುದು. ನಡೆಯಿರಿ ಎಂದು ಗಡಿಯಾರವು ಹೇಳಬಲ್ಲುದು. ನಡೆಯಲು ದಾರಿಯನ್ನು ಮಾಡಿಕೊಡಲಾರದು. ಕಾಲುದಾರಿಯ ಮೇಲೆ ಅಂಗಡಿಯೂ ವಾಹನವೂ ನಿಂತಿರುವ ಪೇಟೆಯಲ್ಲಿ, ಸಂಜೆ ಏಳರ ಮೇಲೆ ದೀಪವಿಲ್ಲದ ಕೆರೆಯೇರಿಯಲ್ಲಿ, ಹೆಂಗಸರು ಹೆಜ್ಜೆ ಎಣಿಸುವುದೆಲ್ಲಿ? ಶ್ರಮದ ಕೊರತೆಯು ಗಂಡಸರಿಗಿಂತ ಹೆಂಗಸರಲ್ಲಿಯೇ ಹೆಚ್ಚೆಂಬ ಅಂಕಿಯನ್ನು ಮೇಲೆ ಕಂಡೆವು; ಅದಕ್ಕೆ ಉತ್ತರವು ಯಂತ್ರದಲ್ಲಿಲ್ಲ, ಬೀದಿಯ ದೀಪದಲ್ಲಿಯೂ ಕಾಲುದಾರಿಯ ಚಪ್ಪಡಿಯಲ್ಲಿಯೂ ಇರುವುದು.

ಮೂರನೆಯದು ಆರೋಗ್ಯ ಇಲಾಖೆಗೆ. ಮನೆಮನೆಗೆ ಹೋಗಿ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸುವ ಗೃಹ ಆರೋಗ್ಯ ಯೋಜನೆಯು ೨೦೨೪ರಲ್ಲಿ ನೆರೆಯ ಕೋಲಾರದಲ್ಲಿಯೇ ಆರಂಭವಾಯಿತು. ಗಡಿಯಾರ ಕೊಳ್ಳಲಾರದವನಿಗೆ ಆಶಾ ಕಾರ್ಯಕರ್ತೆಯೇ ಗಡಿಯಾರ. ಆಕೆಯ ಕೈಯಲ್ಲಿರುವ ಸಾಧನವು ಊಹಿಸುವುದಿಲ್ಲ, ಅಳೆಯುವುದು. ಹೈದರಾಬಾದಿನ ಕ್ಯಾಲೊರಿಯ ಕೋಷ್ಟಕವನ್ನು ನಮ್ಮ ಮುದ್ದೆ, ಬಸ್ಸಾರು, ಹುರುಳಿ, ಅವರೆಗಳಿಗೆ ಅನ್ವಯಿಸಿ, ಪಾವು, ಸೌಟು, ಚಮಚಗಳ ಅಳತೆಯಲ್ಲಿ, ತಿಳಿಯಾದ ಕನ್ನಡದಲ್ಲಿ ಒಂದು ಹಾಳೆಯಾಗಿ ಮುದ್ರಿಸಿ ಆಕೆಯ ಚೀಲದಲ್ಲಿಟ್ಟರೆ, ನೂರು ಆ್ಯಪ್‌ಗಳಿಂದಾಗದ ಉಪಕಾರವಾದೀತು.

ಚಿಂತಾಮಣಿಯ ಹತ್ತಿರದ ಕೈವಾರವೇ ಹಿಂದಿನ ಏಕಚಕ್ರನಗರವೆಂದೂ, ಬಕಾಸುರನಿಗೆಂದು ಕಳುಹಿಸಿದ ಬಂಡಿ ಅನ್ನವನ್ನು ಭೀಮಸೇನನು ದಾರಿಯಲ್ಲಿಯೇ ಉಂಡು ಮುಗಿಸಿದನೆಂದೂ ನಮ್ಮ ಜನರು ಹೇಳುವರು. ಆ ದಿನ ಆತನ ಮಣಿಕಟ್ಟಿನಲ್ಲಿ ಇಂತಹ ಯಂತ್ರವಿದ್ದಿದ್ದರೆ ಬಂಡಿಯ ಅನ್ನವನ್ನು ಕಂಡು ಕೂಗಿಕೊಳ್ಳುತ್ತಿದ್ದಿತು. ಆಮೇಲೆ ನಡೆದ ಯುದ್ಧವನ್ನು ಎಷ್ಟು ಹೆಜ್ಜೆಗಳೆಂದು ಬರೆಯುತ್ತಿದ್ದಿತೋ ತಿಳಿಯದು. ಭೀಮನ ಊಟವು ಭೀಮನ ಕೆಲಸಕ್ಕೆ ತಕ್ಕುದಾಗಿದ್ದಿತು. ನಮ್ಮ ಊಟವು ನಮ್ಮ ಕೆಲಸಕ್ಕೆ ತಕ್ಕುದೋ ಅಲ್ಲವೋ ಎಂಬುದನ್ನು ಕಂಡುಕೊಳ್ಳುವ ಹೊಣೆಯು ನಮ್ಮದು. ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ೧೮೬೧ರಲ್ಲಿ ಹುಟ್ಟಿ ೧೯೬೨ರಲ್ಲಿ ನೂರು ದಾಟಿ ಕಣ್ಮುಚ್ಚಿದ ವಿಶ್ವೇಶ್ವರಯ್ಯನವರು ಅಂಕಿಅಂಶಗಳನ್ನು ಯಾರಿಗೂ ಕಡಿಮೆಯಿಲ್ಲದಂತೆ ಪ್ರೀತಿಸಿದವರು. ಆದರೆ ಅಂಕಿಯನ್ನು ಕೆಲಸಕ್ಕೆ ಹಚ್ಚಿದರೇ ಹೊರತು ತಾವು ಅಂಕಿಯ ಆಳಾಗಲಿಲ್ಲ. ಗಡಿಯಾರವನ್ನು ಕಟ್ಟಿಕೊಂಡವರು ಕಟ್ಟಿಕೊಂಡಿರಲಿ, ಅದು ಎಚ್ಚರಿಸಿದಾಗ ಎದ್ದು ನಡೆಯಲಿ. ತಟ್ಟೆಯ ಮುಂದೆ ಕುಳಿತಾಗ ಮಾತ್ರ ಅದರ ಅಪ್ಪಣೆಯನ್ನು ಕೇಳದಿರಲಿ. ಅದರ ಲೆಕ್ಕದ ಪುಸ್ತಕವನ್ನು ಯಾರಾದರೂ ಕೇಳಿದರೆ, ಏಕೆಂದು ಮೊದಲು ಕೇಳಲಿ.